ಷೇರು ಮಾರುಕಟ್ಟೆಯ ದಕ್ಷತೆಯ ಮೇಲೆ ಪದವಿ ಪ್ರಬಂಧ: ಪ್ರಶ್ನೆ ಕಟ್ಟುವುದರಿಂದ ಕೊನೆಯ ಕರಡಿನವರೆಗೆ

ದಕ್ಷ ಎಂಬುದು ಕನ್ನಡದಲ್ಲಿ ಮೆಚ್ಚುಗೆಯ ಪದ. ದಕ್ಷ ಅಧಿಕಾರಿ, ದಕ್ಷ ಆಡಳಿತ ಎಂದಾಗ ಕೆಲಸವನ್ನು ಚುರುಕಾಗಿ, ಅಚ್ಚುಕಟ್ಟಾಗಿ ಮಾಡುವವರು ಕಣ್ಣ ಮುಂದೆ ಬರುತ್ತಾರೆ. ಅದೇ ಅರ್ಥವನ್ನು ‘ದಕ್ಷ ಮಾರುಕಟ್ಟೆ’ಗೂ ಅಂಟಿಸಿಕೊಂಡು ಪ್ರಬಂಧಕ್ಕೆ ಕೂತವರು ಮೊದಲ ಅಧ್ಯಾಯದಲ್ಲೇ ದಾರಿ ತಪ್ಪುತ್ತಾರೆ. ವಹಿವಾಟು ಬೇಗ ಇತ್ಯರ್ಥವಾಗುತ್ತದೆ, ದಲ್ಲಾಳಿ ಶುಲ್ಕ ಇಳಿದಿದೆ, ಎಲ್ಲವೂ ಕಂಪ್ಯೂಟರ್ ಮೂಲಕ ನಡೆಯುತ್ತದೆ, ಹಾಗಾಗಿ ಮಾರುಕಟ್ಟೆ ದಕ್ಷವಾಗಿದೆ ಎಂದು ಬರೆದ ಕರಡುಗಳನ್ನು ನಾನು ತಿದ್ದಿದ್ದೇನೆ. ಅರ್ಥಶಾಸ್ತ್ರ ಈ ಪದದ ಮೂಲಕ ಕೇಳುವ ಪ್ರಶ್ನೆಯೇ ಬೇರೆ. ತಿಳಿಯಬಹುದಾದ ಮಾಹಿತಿ ಆಗಲೇ ಬೆಲೆಯೊಳಗೆ ಸೇರಿಹೋಗಿದೆಯೇ? ಸೇರಿದ್ದರೆ, ಅದೇ ಮಾಹಿತಿಯನ್ನು ಹಿಡಿದು ವ್ಯಾಪಾರಕ್ಕೆ ಇಳಿದವನಿಗೆ, ಅವನು ಹೊತ್ತ ಅಪಾಯಕ್ಕೆ ತಕ್ಕಷ್ಟು ಪ್ರತಿಫಲ ಸಿಗಬೇಕೇ ಹೊರತು ಅದಕ್ಕಿಂತ ಹೆಚ್ಚು ಸಿಗಬಾರದು. ಪ್ರಬಂಧದ ಒಂದು ಸಾಲು ಬರೆಯುವ ಮೊದಲು ಈ ಮಾತನ್ನು ನಿಮ್ಮದೇ ವಾಕ್ಯಗಳಲ್ಲಿ ಬರೆದು ನೋಡಿ. ಬರೆಯಲು ಬಂದರೆ ಅರ್ಥವಾಗಿದೆ ಎಂದು ಲೆಕ್ಕ.

ಪದವಿ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಿಷಯ ಅಪರೂಪ ಎಂದು ನಾನು ಮನಸಾರೆ ನಂಬಿದ್ದೇನೆ. ಬೆಲೆಗಳ ದತ್ತಾಂಶ ಸುಲಭವಾಗಿ ಸಿಗುತ್ತದೆ, ಪರೀಕ್ಷೆಗಳನ್ನು ಒಂದೆರಡು ತಿಂಗಳಲ್ಲಿ ಕಲಿಯಬಹುದು, ವಾದ ಇನ್ನೂ ಮುಗಿದಿಲ್ಲ. ಆದರೆ ಇದೇ ವಿಷಯ ಅತಿದೊಡ್ಡ ಘೋಷಣೆಗಳಿಗೂ ಆಸೆ ಹುಟ್ಟಿಸುತ್ತದೆ. ಕೆಳಗಿನ ಎಲ್ಲ ಹೆಜ್ಜೆಗಳ ಹಿಂದಿರುವ ಆಗ್ರಹ ಒಂದೇ: ನಿಮ್ಮ ಪರೀಕ್ಷೆ ಎಷ್ಟನ್ನು ಹೇಳಬಲ್ಲದೋ ಅಷ್ಟನ್ನೇ ಪ್ರಬಂಧವೂ ಹೇಳಬೇಕು.

ಮೊದಲು ಪ್ರಶ್ನೆಯನ್ನು ಕುಗ್ಗಿಸಿ

‘ಷೇರು ಮಾರುಕಟ್ಟೆ ದಕ್ಷವೇ?’ ಎಂಬುದು ವಿಷಯವಾಯಿತು, ಪ್ರಶ್ನೆಯಾಗಲಿಲ್ಲ. ಯಾವ ಮಾರುಕಟ್ಟೆ, ಯಾವ ಕಾಲ, ಯಾವ ಮಾಹಿತಿಯ ಮಟ್ಟಿಗೆ ಎಂಬ ಮೂರೂ ಅದರಲ್ಲಿಲ್ಲ.

ಮೂರನೆಯದಕ್ಕೆ ಒಂದು ಸಿದ್ಧ ಚೌಕಟ್ಟು ಇದೆ. ಯೂಜೀನ್ ಫಾಮಾ 1970ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನ ದಕ್ಷತೆಯನ್ನು ಮೂರು ರೂಪಗಳಲ್ಲಿ ವಿಂಗಡಿಸಿತು. ಹಿಂದಿನ ಬೆಲೆಗಳಲ್ಲಿರುವ ಮಾಹಿತಿಯೆಲ್ಲ ಇಂದಿನ ಬೆಲೆಯಲ್ಲಿ ಸೇರಿದ್ದರೆ ಅದು ದುರ್ಬಲ ರೂಪ. ಸಾರ್ವಜನಿಕವಾಗಿ ಪ್ರಕಟವಾದ ಮಾಹಿತಿಯೂ ಸೇರಿದ್ದರೆ ಅರೆ-ಪ್ರಬಲ ರೂಪ. ಒಳಗಿನವರಿಗೆ ಮಾತ್ರ ಗೊತ್ತಿರುವುದೂ ಸೇರಿದ್ದರೆ ಪ್ರಬಲ ರೂಪ. ‘ದುರ್ಬಲ’ ಎಂಬ ಪದ ಮಾರುಕಟ್ಟೆಯ ಸೋಲನ್ನು ಸೂಚಿಸುವುದಿಲ್ಲ, ಪ್ರತಿಪಾದನೆಯ ಬಲವನ್ನಷ್ಟೇ ಸೂಚಿಸುತ್ತದೆ. ಇದನ್ನು ತಪ್ಪಾಗಿ ಓದುವವರು ತುಂಬ ಜನ.

ನೀವು ಮೊದಲ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ದುರ್ಬಲ ರೂಪಕ್ಕೆ ಬೆಲೆಗಳ ಸರಣಿ ಇದ್ದರೆ ಸಾಕು. ಅರೆ-ಪ್ರಬಲ ರೂಪಕ್ಕೆ ಘೋಷಣೆಗಳ ದಿನಾಂಕಗಳೂ ಬೇಕು. ಪ್ರಬಲ ರೂಪಕ್ಕೆ ಬೇಕಾದ ದತ್ತಾಂಶ ಪದವಿ ವಿದ್ಯಾರ್ಥಿಯ ಕೈಗೆ ಸಾಮಾನ್ಯವಾಗಿ ಎಟುಕುವುದಿಲ್ಲ, ಅದನ್ನು ಬಿಟ್ಟುಬಿಡಿ. ಮೂರನ್ನೂ ಒಂದೇ ಪ್ರಬಂಧದಲ್ಲಿ ಪರೀಕ್ಷಿಸುತ್ತೇನೆ ಎನ್ನುವವರು ಕೊನೆಗೆ ಯಾವುದನ್ನೂ ಸರಿಯಾಗಿ ಪರೀಕ್ಷಿಸಿರುವುದಿಲ್ಲ.

ಕುಗ್ಗಿಸಿದ ಪ್ರಶ್ನೆ ಹೇಗಿರುತ್ತದೆ? ‘ಒಂದು ಸೂಚ್ಯಂಕದ ವಾರದ ಪ್ರತಿಫಲವನ್ನು ಹಿಂದಿನ ವಾರದ ಪ್ರತಿಫಲದಿಂದ ಊಹಿಸಲು ಸಾಧ್ಯವಿತ್ತೇ? 2005ರಿಂದ 2014ರವರೆಗಿನ ಹತ್ತು ವರ್ಷಗಳಿಗೆ ಹೋಲಿಸಿದರೆ 2015ರಿಂದ 2024ರವರೆಗೆ ಆ ಸಾಧ್ಯತೆ ಕಡಿಮೆಯಾಯಿತೇ?’ ಅಥವಾ, ‘ದೊಡ್ಡ ಕಂಪನಿಗಳ ಸೂಚ್ಯಂಕಕ್ಕಿಂತ ಸಣ್ಣ ಕಂಪನಿಗಳ ಸೂಚ್ಯಂಕದಲ್ಲಿ ಈ ಗುಣ ಹೆಚ್ಚು ಕಾಣುತ್ತದೆಯೇ?’ ಅಥವಾ, ‘ಲಾಭಾಂಶ ಏರಿಕೆ ಘೋಷಿಸಿದ ನಲವತ್ತು ಕಂಪನಿಗಳ ಬೆಲೆ ಘೋಷಣೆಯ ದಿನವೇ ಹೊಂದಿಕೊಂಡಿತೇ, ಇಲ್ಲವೇ ಮುಂದಿನ ಹತ್ತು ದಿನವೂ ಜರುಗುತ್ತಲೇ ಇತ್ತೇ?’ ಈ ಮೂರರಲ್ಲೂ ಒಂದು ಹೋಲಿಕೆ ಇರುವುದನ್ನು ಗಮನಿಸಿ. ಎರಡು ಕಾಲ, ಎರಡು ಗಾತ್ರ, ಘೋಷಣೆಯ ಮೊದಲು ಮತ್ತು ನಂತರ. ಹೋಲಿಕೆ ಇರುವ ಪ್ರಶ್ನೆಗೆ ಉತ್ತರ ಯಾವ ಕಡೆಗೆ ಬಂದರೂ ಬರೆಯಲು ವಿಷಯ ಸಿಗುತ್ತದೆ.

ಪ್ರಶ್ನೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ನಾನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ದತ್ತಾಂಶ ನೋಡುವ ಮೊದಲೇ, ಯಾವ ಸಂಖ್ಯೆ ಬಂದರೆ ಉತ್ತರ ‘ಹೌದು’, ಯಾವುದು ಬಂದರೆ ‘ಇಲ್ಲ’ ಎಂದು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ ಮಾರ್ಗದರ್ಶಕರಿಗೆ ಕೊಡಿ. ಬರೆಯಲು ಆಗದಿದ್ದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ.

ಓದಿನ ದಾರಿ

ಹನ್ನೆರಡರಿಂದ ಹದಿನೈದು ಲೇಖನಗಳನ್ನು ನಿಧಾನವಾಗಿ ಓದಿ. ಐವತ್ತರ ಸಾರಾಂಶಗಳನ್ನು ಮಾತ್ರ ಓದಿ ಪಟ್ಟಿ ಬೆಳೆಸುವುದರಿಂದ ಪ್ರಯೋಜನವಿಲ್ಲ.

ಕಥೆ 1900ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗುತ್ತದೆ. ಲೂಯಿ ಬಾಷೆಲಿಯೆ ಎಂಬ ವಿದ್ಯಾರ್ಥಿ ಬೆಲೆಗಳ ಏರಿಳಿತಕ್ಕೆ ಸಂಭವನೀಯತೆಯ ಗಣಿತವನ್ನು ಹೊಂದಿಸಿ ಡಾಕ್ಟರೇಟ್ ಪ್ರಬಂಧ ಬರೆದರು. ಅರ್ಥಶಾಸ್ತ್ರಜ್ಞರು ಅದನ್ನು ಗಂಭೀರವಾಗಿ ಓದಲು ಅರ್ಧ ಶತಮಾನವೇ ಬೇಕಾಯಿತು. 1933ರಲ್ಲಿ ಆಲ್ಫ್ರೆಡ್ ಕೌಲ್ಸ್, ಮಾರುಕಟ್ಟೆಯ ಭವಿಷ್ಯ ಹೇಳುವ ವೃತ್ತಿಪರರ ಸಲಹೆಗಳನ್ನು ಲೆಕ್ಕ ಹಾಕಿ, ಅವು ಅದೃಷ್ಟದ ಆಟಕ್ಕಿಂತ ಮೇಲು ಎನ್ನಲು ಆಧಾರವಿಲ್ಲ ಎಂದು ತೋರಿಸಿದರು. 1953ರಲ್ಲಿ ಮಾರಿಸ್ ಕೆಂಡಲ್ 22 ಬೆಲೆ ಸರಣಿಗಳಲ್ಲಿ ಕ್ರಮ ಹುಡುಕಿ ಹೊರಟು, ಬಹುಮಟ್ಟಿಗೆ ಯಾದೃಚ್ಛಿಕ ನಡಿಗೆಯನ್ನೇ, ಅಂದರೆ ಹಿಂದಿನ ಹೆಜ್ಜೆಯಿಂದ ಮುಂದಿನದನ್ನು ಊಹಿಸಲಾಗದ ಚಲನೆಯನ್ನೇ, ಕಂಡರು. ಹೀಗೇಕೆ ಆಗಬೇಕು ಎಂಬುದಕ್ಕೆ ಪಾಲ್ ಸ್ಯಾಮ್ಯುಯೆಲ್ಸನ್ 1965ರಲ್ಲಿ ತರ್ಕ ಕೊಟ್ಟರು: ಎಲ್ಲರೂ ಸರಿಯಾಗಿ ನಿರೀಕ್ಷಿಸಿದ ಬೆಲೆ ಹೊಸ ಸುದ್ದಿಗೆ ಮಾತ್ರ ಅಲುಗುತ್ತದೆ, ಹೊಸ ಸುದ್ದಿಯನ್ನು ಮುಂಚೆ ಊಹಿಸಲಾಗದು. ಫಾಮಾ ಇದನ್ನೆಲ್ಲ 1970ರಲ್ಲಿ ಒಂದು ಕಡೆ ಕಟ್ಟಿದರು.

ಮುಂದಿನದು ತಕರಾರುಗಳ ಕಾಲ. ನನ್ನ ಮೆಚ್ಚಿನದು ಸ್ಯಾನ್‌ಫರ್ಡ್ ಗ್ರಾಸ್‌ಮನ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ 1980ರಲ್ಲಿ ಎತ್ತಿದ ತಕರಾರು. ಬೆಲೆಯಲ್ಲೇ ಎಲ್ಲ ಮಾಹಿತಿಯೂ ಇದ್ದರೆ ಹಣ, ಸಮಯ ಸುರಿದು ಮಾಹಿತಿ ಹುಡುಕುವವನಿಗೆ ಏನು ಸಿಕ್ಕೀತು? ಏನೂ ಸಿಗದಿದ್ದರೆ ಯಾರೂ ಹುಡುಕುವುದಿಲ್ಲ. ಯಾರೂ ಹುಡುಕದಿದ್ದರೆ ಬೆಲೆಯೊಳಗೆ ಮಾಹಿತಿ ಸೇರುವುದು ಹೇಗೆ? ಹಾಗಾಗಿ ಪರಿಪೂರ್ಣ ದಕ್ಷತೆ ತನ್ನ ಕಾಲಡಿಯ ನೆಲವನ್ನು ತಾನೇ ಕೆಡವಿಕೊಳ್ಳುತ್ತದೆ. ನಿಮ್ಮ ಮೌಖಿಕ ಪರೀಕ್ಷೆಯಲ್ಲಿ ‘ಮಾರುಕಟ್ಟೆ ದಕ್ಷವಾಗಿದ್ದರೆ ವಿಶ್ಲೇಷಕರು ಯಾಕಿದ್ದಾರೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಈ ಲೇಖನದಲ್ಲಿದೆ.

ರಾಬರ್ಟ್ ಶಿಲ್ಲರ್ 1981ರಲ್ಲಿ, ಮುಂದೆ ಬಂದ ಲಾಭಾಂಶಗಳು ಸಮರ್ಥಿಸುವುದಕ್ಕಿಂತ ಬೆಲೆಗಳು ಬಹಳ ಹೆಚ್ಚು ಏರಿಳಿಯುತ್ತವೆ ಎಂದರು. ದೀರ್ಘಕಾಲ ಸೋತ ಷೇರುಗಳು ಮುಂದೆ ಗೆದ್ದವುಗಳನ್ನು ಮೀರಿಸುತ್ತವೆ ಎಂದು ವರ್ನರ್ ಡಿ ಬಾಂಟ್ ಮತ್ತು ರಿಚರ್ಡ್ ಥೇಲರ್ 1985ರಲ್ಲಿ ಕಂಡರೆ, ಕೆಲವು ತಿಂಗಳ ಮಟ್ಟಿಗೆ ಗೆದ್ದವೇ ಮತ್ತೆ ಗೆಲ್ಲುತ್ತವೆ ಎಂದು ನರಸಿಂಹನ್ ಜೇಗದೀಶ್ ಮತ್ತು ಶೆರಿಡನ್ ಟಿಟ್‌ಮನ್ 1993ರಲ್ಲಿ ಕಂಡರು. 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಫಾಮಾ, ಶಿಲ್ಲರ್ ಮತ್ತು ಲಾರ್ಸ್ ಪೀಟರ್ ಹ್ಯಾನ್ಸೆನ್ ಹಂಚಿಕೊಂಡರು. ಎದುರುಬದುರು ನಿಂತ ಇಬ್ಬರಿಗೂ ಒಂದೇ ವರ್ಷ ಮನ್ನಣೆ ಸಿಕ್ಕಿದ್ದು ಈ ವಾದದ ಸ್ಥಿತಿಯನ್ನು ಹೇಳುತ್ತದೆ.

ಪ್ರತಿ ಲೇಖನಕ್ಕೂ ಟಿಪ್ಪಣಿ ಪುಸ್ತಕದಲ್ಲಿ ಐದು ಸಾಲು ಬರೆಯಿರಿ: ಪ್ರಶ್ನೆ, ದತ್ತಾಂಶ, ಪರೀಕ್ಷೆ, ಫಲಿತಾಂಶ, ಮತ್ತು ಆ ಫಲಿತಾಂಶದಿಂದ ಹೇಳಲಾಗದ ಮಾತು. ಐದನೆಯ ಸಾಲೇ ಮುಖ್ಯ. ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನು ‘ಇವರು ಹೀಗೆಂದರು, ಅವರು ಹಾಗೆಂದರು’ ಎಂದು ಕಾಲಕ್ರಮದಲ್ಲಿ ಸುರಿಯದೆ, ನಿಮ್ಮ ಪ್ರಶ್ನೆಗೆ ಯಾರ ಮಾತು ಎಲ್ಲಿ ತಾಗುತ್ತದೆ ಎಂಬ ಕ್ರಮದಲ್ಲಿ ಕಟ್ಟಲು ಆ ಸಾಲುಗಳೇ ನೆರವಾಗುತ್ತವೆ.

ಜೋಡಿ ಊಹೆಯ ತೊಡಕು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಪ್ರಬಂಧದ ಬೌದ್ಧಿಕ ಪ್ರಾಮಾಣಿಕತೆ ಈ ಒಂದು ಅಂಶದ ಮೇಲೆ ನಿಂತಿದೆ.

‘ಹೆಚ್ಚಿನ ಪ್ರತಿಫಲ’ ಎನ್ನಬೇಕಾದರೆ ಯಾವುದಕ್ಕಿಂತ ಹೆಚ್ಚು ಎಂದು ಹೇಳಬೇಕು. ಅಂದರೆ ಅಪಾಯಕ್ಕೆ ತಕ್ಕ, ನಿರೀಕ್ಷಿತ ಪ್ರತಿಫಲ ಎಷ್ಟೆಂದು ಹೇಳುವ ಒಂದು ಮಾದರಿ ಬೇಕು. ಆ ಮಾದರಿಯೇ ತಪ್ಪಿದ್ದರೆ? ಒಂದು ವಸ್ತುವನ್ನು ತಕ್ಕಡಿಗೆ ಹಾಕಿದಿರಿ, ಹೇಳಿದ ತೂಕ ಬರಲಿಲ್ಲ. ವಸ್ತುವೇ ಕಡಿಮೆಯಿದೆಯೋ, ತಕ್ಕಡಿಯೇ ಸುಳ್ಳು ಹೇಳುತ್ತಿದೆಯೋ? ಆ ಒಂದು ತೂಕದಿಂದ ತಿಳಿಯದು. ದಕ್ಷತೆಯ ಪರೀಕ್ಷೆಗಳೆಲ್ಲ ಹೀಗೆಯೇ. ಮಾರುಕಟ್ಟೆ ದಕ್ಷ ಎಂಬುದನ್ನೂ ನಮ್ಮ ಮಾದರಿ ಸರಿ ಎಂಬುದನ್ನೂ ಒಟ್ಟಿಗೆ ಪರೀಕ್ಷಿಸುತ್ತಿರುತ್ತೇವೆ, ಒಂದನ್ನೇ ಬಿಡಿಸಿ ತೆಗೆಯಲಾಗುವುದಿಲ್ಲ. ಉದಾಹರಣೆಗೆ, ಸಣ್ಣ ಕಂಪನಿಗಳ ಷೇರುಗಳು ಮಾದರಿ ಹೇಳಿದ್ದಕ್ಕಿಂತ ಹೆಚ್ಚು ಪ್ರತಿಫಲ ಕೊಟ್ಟಿವೆ ಎಂದು 1981ರಲ್ಲಿ ರೋಲ್ಫ್ ಬಾನ್ಸ್ ತೋರಿಸಿದರು. ಮಾರುಕಟ್ಟೆ ಆ ಷೇರುಗಳನ್ನು ಕಡೆಗಣಿಸಿತ್ತು ಎಂದು ಒಬ್ಬರು ಓದಿದರು. ಸಣ್ಣ ಕಂಪನಿಗಳಲ್ಲಿ ಮಾದರಿ ಅಳೆಯದ ಅಪಾಯವೊಂದು ಇದೆ ಎಂದು ಇನ್ನೊಬ್ಬರು ಓದಿದರು. ಸಂಖ್ಯೆ ಒಂದೇ, ಓದು ಎರಡು.

ಇದನ್ನು ವಿಧಾನದ ಅಧ್ಯಾಯದಲ್ಲಿ ಒಮ್ಮೆ ಹೇಳಿ ಮರೆಯಬೇಡಿ. ತೀರ್ಮಾನದಲ್ಲೂ ಅದರ ಗುರುತು ಇರಬೇಕು. ‘ಮಾರುಕಟ್ಟೆ ಅದಕ್ಷ ಎಂದು ಸಾಬೀತಾಯಿತು’ ಎಂದು ಬರೆಯುವಲ್ಲಿ ‘ನಿರೀಕ್ಷಿತ ಪ್ರತಿಫಲ ಈ ಅವಧಿಯಲ್ಲಿ ಸ್ಥಿರವಾಗಿತ್ತು ಎಂದು ಒಪ್ಪಿದರೆ, ವಾರದ ಪ್ರತಿಫಲಗಳು ದುರ್ಬಲ ರೂಪದ ದಕ್ಷತೆಗೆ ಹೊಂದುವುದಿಲ್ಲ’ ಎಂದು ಬರೆಯಿರಿ. ವಾಕ್ಯ ಉದ್ದವಾಯಿತು, ಆದರೆ ನಿಜವಾಯಿತು.

ದತ್ತಾಂಶ: ಅರ್ಧ ಸಮಯ ಇಲ್ಲಿಗೇ ಮೀಸಲು

ನನ್ನ ಮೊದಲ ಪ್ರಬಂಧದಲ್ಲಿ ಆದ ಒಂದು ತಪ್ಪನ್ನು ಹತ್ತಿರದಿಂದ ತೋರಿಸುತ್ತೇನೆ. ಒಂದು ಕಂಪನಿಯ ಹತ್ತು ವರ್ಷಗಳ ದೈನಂದಿನ ಬೆಲೆ ತೆಗೆದುಕೊಂಡಿದ್ದೆ, ಸುಮಾರು 2500 ದಿನಗಳು. ನಡುವೆ ಒಂದು ದಿನ ಕಂಪನಿ ಒಂದು ಷೇರನ್ನು ಎರಡಾಗಿ ವಿಭಜಿಸಿತ್ತು. ಷೇರುದಾರರಿಗೆ ನಷ್ಟವೇನೂ ಆಗಿರಲಿಲ್ಲ, ಆದರೆ ಹೊಂದಿಸದ ಬೆಲೆಯ ಪಟ್ಟಿಯಲ್ಲಿ ಆ ದಿನ ಬೆಲೆ ಅರ್ಧಕ್ಕೆ ಬಿದ್ದಿತ್ತು. ಲಾಗ್ ಪ್ರತಿಫಲದಲ್ಲಿ, ಅಂದರೆ ಇಂದಿನ ಬೆಲೆಯನ್ನು ನಿನ್ನೆಯದರಿಂದ ಭಾಗಿಸಿ ತೆಗೆದ ಸ್ವಾಭಾವಿಕ ಲಾಗರಿದಮ್‌ನಲ್ಲಿ, ಅದು −0.693. ಇದರ ವರ್ಗ 0.48. ಉಳಿದ 2500 ದಿನಗಳ ಪ್ರಮಾಣಿತ ವಿಚಲನೆ ಶೇ 1.5ರಷ್ಟಿದ್ದರೆ ಅವೆಲ್ಲವುಗಳ ವರ್ಗಗಳ ಮೊತ್ತ 0.56. ಅಂದರೆ ಹತ್ತು ವರ್ಷಗಳ ಒಟ್ಟು ಏರಿಳಿತಕ್ಕೆ ಸಮೀಪದ ಏರಿಳಿತವನ್ನು ನಡೆದೇ ಇರದ ಒಂದು ಕುಸಿತ ಒಂದೇ ದಿನದಲ್ಲಿ ತುಂಬಿತ್ತು. ವೇರಿಯನ್ಸ್, ಅಂದರೆ ಸರಾಸರಿಯಿಂದಾದ ಅಂತರಗಳ ವರ್ಗಗಳ ಸರಾಸರಿ, ಸುಮಾರು ಇಮ್ಮಡಿಯಾಗಿ, ಸ್ವಸಹಸಂಬಂಧದ, ಅಂದರೆ ಒಂದು ದಿನದ ಪ್ರತಿಫಲ ಹಿಂದಿನ ದಿನದ್ದರೊಡನೆ ಎಷ್ಟು ಸೇರಿ ನಡೆಯುತ್ತದೆ ಎಂಬ ಅಳತೆಯ, ಅಂದಾಜು ಸುಮಾರು ಅರ್ಧಕ್ಕೆ ಇಳಿದಿತ್ತು. ‘ಈ ಷೇರು ಸಂಪೂರ್ಣ ದಕ್ಷ’ ಎಂದು ನಾನು ಸಂತೋಷದಿಂದ ಬರೆದಿದ್ದೆ. ಪ್ರತಿಫಲಗಳ ನಕ್ಷೆಯನ್ನು ಒಮ್ಮೆ ಎಳೆದು ನೋಡಿದ್ದರೆ ಆ ಒಂಟಿ ಗೆರೆ ಕಣ್ಣಿಗೆ ರಾಚುತ್ತಿತ್ತು.

ಆದ್ದರಿಂದ ವಿಭಜನೆ, ಬೋನಸ್ ಷೇರು, ಲಾಭಾಂಶಗಳಿಗೆ ಹೊಂದಿಸಿದ ಮುಕ್ತಾಯ ಬೆಲೆಯನ್ನೇ ಬಳಸಿ. ಸೂಚ್ಯಂಕವಾದರೆ ಲಾಭಾಂಶ ಸೇರಿದ ಆವೃತ್ತಿಯೋ, ಸೇರದ ಆವೃತ್ತಿಯೋ ಎಂಬುದನ್ನು ಬರೆದಿಡಿ. ಯಾವ ಲೆಕ್ಕಕ್ಕೂ ಮೊದಲು ನಕ್ಷೆ ಎಳೆಯಿರಿ. ಅತಿ ದೊಡ್ಡ ಹತ್ತು ಏರಿಕೆ, ಹತ್ತು ಇಳಿಕೆಗಳ ದಿನಾಂಕ ಪಟ್ಟಿ ಮಾಡಿ, ಒಂದೊಂದನ್ನೂ ಅಂದಿನ ಸುದ್ದಿಯೊಡನೆ ತಾಳೆ ನೋಡಿ. ಆದರೆ ದೊಡ್ಡದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಅಳಿಸಬೇಡಿ. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ 22.6ರಷ್ಟು ಬಿದ್ದದ್ದು ಟೈಪಿಂಗ್ ತಪ್ಪಲ್ಲ, ಚರಿತ್ರೆ.

ಪ್ರತಿಫಲಕ್ಕೆ ಲಾಗ್ ಯಾಕೆ ಎಂದು ಕೇಳಿದರೆ ಹೀಗೆ ಹೇಳಿ: ಬೆಲೆ 100ರಿಂದ 110ಕ್ಕೆ ಏರಿ ಮತ್ತೆ 100ಕ್ಕೆ ಇಳಿದರೆ ಸಾದಾ ಲೆಕ್ಕದಲ್ಲಿ ಶೇ 10 ಏರಿಕೆ, ಶೇ 9.09 ಇಳಿಕೆ. ಕೂಡಿದರೆ ಲಾಭವೇ ಇಲ್ಲದ ಕಡೆ ಲಾಭ ಕಾಣುತ್ತದೆ. ಲಾಗ್ ಲೆಕ್ಕದಲ್ಲಿ ಎರಡೂ ಶೇ 9.53, ಚಿಹ್ನೆ ಮಾತ್ರ ಬೇರೆ. ಕೂಡಿದರೆ ಸೊನ್ನೆ.

ದಿನವೋ ವಾರವೋ? ಸೂಚ್ಯಂಕದ ಕೆಲವು ಷೇರುಗಳು ದಿನದ ಕೊನೆಯ ಗಂಟೆಯಲ್ಲಿ ವಹಿವಾಟೇ ಕಾಣದಿದ್ದರೆ ಅವುಗಳ ಬೆಲೆ ಹಳತಾಗಿರುತ್ತದೆ, ಇಂದಿನ ಸುದ್ದಿಯನ್ನು ನಾಳೆ ತೋರಿಸುತ್ತದೆ. ಆಗ ಸೂಚ್ಯಂಕದಲ್ಲಿ ಇಲ್ಲದ ಧನಾತ್ಮಕ ಸ್ವಸಹಸಂಬಂಧ ಹುಟ್ಟುತ್ತದೆ. ಬಿಡಿ ಷೇರುಗಳಲ್ಲಿ ಇದಕ್ಕೆ ವಿರುದ್ಧ: ವಹಿವಾಟು ಒಮ್ಮೆ ಕೊಳ್ಳುವವರ ದರದಲ್ಲಿ, ಒಮ್ಮೆ ಮಾರುವವರ ದರದಲ್ಲಿ ನಡೆದು, ಬೆಲೆ ಎರಡರ ನಡುವೆ ಪುಟಿಯುತ್ತ ಋಣಾತ್ಮಕ ಸಂಬಂಧವನ್ನು ಹುಟ್ಟಿಸುತ್ತದೆ. ರಿಚರ್ಡ್ ರೋಲ್ 1984ರಲ್ಲಿ ಈ ಪುಟಿತದಿಂದಲೇ ಎರಡು ದರಗಳ ಅಂತರವನ್ನು ಅಂದಾಜಿಸಿದರು. ವಾರದ ಪ್ರತಿಫಲ ಈ ಎರಡು ಕಾಟಗಳನ್ನೂ ಬಹಳ ಮಟ್ಟಿಗೆ ತಗ್ಗಿಸುತ್ತದೆ. ಮುಖ್ಯ ಫಲಿತಾಂಶವನ್ನು ವಾರದ ಮೇಲೆ ಕಟ್ಟಿ, ದಿನದ್ದನ್ನು ಪಕ್ಕದಲ್ಲಿ ತೋರಿಸಿ ಎಂಬುದು ನನ್ನ ಸಲಹೆ.

ರಜಾದಿನದ ಖಾಲಿ ಜಾಗಕ್ಕೆ ಹಿಂದಿನ ದಿನದ ಬೆಲೆ ತುಂಬಬೇಡಿ, ಸುಳ್ಳು ಸೊನ್ನೆಗಳು ಸೇರುತ್ತವೆ. ಇಂದು ಸೂಚ್ಯಂಕದಲ್ಲಿರುವ ಕಂಪನಿಗಳನ್ನು ಮಾತ್ರ ಆರಿಸಿ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಡಿ, ಮುಳುಗಿದವೆಲ್ಲ ಆ ಪಟ್ಟಿಯಿಂದ ಆಗಲೇ ಹೊರಬಿದ್ದಿರುತ್ತವೆ. ಇಳಿಸಿಕೊಂಡ ಮೂಲ ಕಡತವನ್ನು ಮುಟ್ಟದೆ ಬೇರೆ ಇಟ್ಟು, ಬದಲಾವಣೆಗಳನ್ನೆಲ್ಲ ಪ್ರತಿಯ ಮೇಲೆ ಮಾಡಿ.

ಪರೀಕ್ಷೆಗಳು, ಮತ್ತು ಅವುಗಳ ಮಿತಿ

ದುರ್ಬಲ ರೂಪಕ್ಕೆ ಮೂರು ಸಾಕು: ಸ್ವಸಹಸಂಬಂಧ ಮತ್ತು ಹಲವು ಅಂತರಗಳ ಸ್ವಸಹಸಂಬಂಧಗಳನ್ನು ಒಟ್ಟಿಗೆ ನೋಡುವ ಲ್ಯುಂಗ್–ಬಾಕ್ಸ್ ಪರೀಕ್ಷೆ, ಏರಿಕೆ-ಇಳಿಕೆಗಳ ಸರದಿಯನ್ನು ಎಣಿಸುವ ರನ್ಸ್ ಪರೀಕ್ಷೆ, ಮತ್ತು ಆಂಡ್ರ್ಯೂ ಲೋ ಹಾಗೂ ಕ್ರೇಗ್ ಮೆಕಿನ್ಲೆ 1988ರಲ್ಲಿ ರೂಪಿಸಿದ ವೇರಿಯನ್ಸ್ ಅನುಪಾತ ಪರೀಕ್ಷೆ. ಕೊನೆಯದರ ತರ್ಕ ಸರಳ. ಬೆಲೆ ಯಾದೃಚ್ಛಿಕವಾಗಿ ನಡೆಯುತ್ತಿದ್ದರೆ ಎರಡು ವಾರಗಳ ಪ್ರತಿಫಲದ ವೇರಿಯನ್ಸ್ ಒಂದು ವಾರದ್ದರ ಸರಿಯಾಗಿ ಎರಡರಷ್ಟು ಇರಬೇಕು, ಅದನ್ನು ಆ ಎರಡರಷ್ಟರಿಂದ ಭಾಗಿಸಿದಾಗ ಬರುವ ಅನುಪಾತ 1 ಆಗಬೇಕು. ಅವರು 1962ರಿಂದ 1985ರವರೆಗಿನ ಅಮೆರಿಕದ ವಾರದ ಪ್ರತಿಫಲಗಳಲ್ಲಿ ಯಾದೃಚ್ಛಿಕ ನಡಿಗೆಯನ್ನು ತಿರಸ್ಕರಿಸಿದರು.

ಈಗ ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡೋಣ. 2500 ದಿನಗಳ ಪ್ರತಿಫಲದಲ್ಲಿ ಮೊದಲ ಸ್ವಸಹಸಂಬಂಧ 0.05 ಬಂತು ಎನ್ನಿ. ಈ ಸಂಖ್ಯೆ ಆಕಸ್ಮಿಕವಾಗಿ ಎಷ್ಟು ಅಲುಗಬಹುದು ಎಂದು ಹೇಳುವ ಪ್ರಮಾಣಿತ ದೋಷ ಅಂದಾಜು 1 ಭಾಗಿಸು 2500ರ ವರ್ಗಮೂಲ, ಅಂದರೆ 0.02. ನಿಮ್ಮ ಸಂಖ್ಯೆ ಅದರ ಎರಡೂವರೆ ಪಟ್ಟು, ಹಾಗಾಗಿ ಶೇ 5ರ ಮಟ್ಟದಲ್ಲಿ ಮಹತ್ವದ್ದು, ಅಂದರೆ ಸಂಬಂಧವೇ ಇಲ್ಲದಿದ್ದರೆ ಇಷ್ಟು ದೊಡ್ಡ ಸಂಖ್ಯೆ ಬರುವ ಸಂಭವ ಶೇ 5ಕ್ಕಿಂತ ಕಡಿಮೆ. ಎರಡು ದಿನಗಳ ವೇರಿಯನ್ಸ್ ಅನುಪಾತ ಸುಮಾರು 1.05. ಇಲ್ಲಿಗೇ ನಿಲ್ಲಿಸಿ ‘ಮಾರುಕಟ್ಟೆ ದಕ್ಷವಲ್ಲ’ ಎಂದು ಬರೆಯುವವರೇ ಹೆಚ್ಚು. ಮುಂದಕ್ಕೆ ಹೋಗಿ. 0.05ರ ವರ್ಗ 0.0025. ನಿನ್ನೆಯ ಪ್ರತಿಫಲ ಇಂದಿನ ಏರಿಳಿತದಲ್ಲಿ ವಿವರಿಸುವುದು ಶೇ 0.25 ಮಾತ್ರ. ನಿನ್ನೆ ಬೆಲೆ ಸರಾಸರಿಗಿಂತ ಶೇ 1 ಹೆಚ್ಚು ಏರಿದ್ದರೆ ಇಂದು ನಿರೀಕ್ಷಿಸಬಹುದಾದ ಹೆಚ್ಚುವರಿ ಏರಿಕೆ ಶೇ 0.05. ಕೊಂಡು ಮಾರುವ ಒಟ್ಟು ವೆಚ್ಚ ಶೇ 0.1 ಇದ್ದರೆ ಪ್ರತಿ ವ್ಯವಹಾರದಲ್ಲೂ ನಷ್ಟ. ಸಂಖ್ಯಾಶಾಸ್ತ್ರ ‘ಸಂಬಂಧ ಇದೆ’ ಎನ್ನುತ್ತದೆ, ಅರ್ಥಶಾಸ್ತ್ರ ‘ಅದರಿಂದ ಲಾಭ ಮಾಡಲಾಗದು’ ಎನ್ನುತ್ತದೆ. ವೆಚ್ಚ ಕಳೆದ ಮೇಲೆ ಆರ್ಥಿಕ ಲಾಭ ಉಳಿಯದಿದ್ದರೆ ಮಾರುಕಟ್ಟೆಯನ್ನು ದಕ್ಷ ಎನ್ನಬಹುದು ಎಂಬ ಮೈಕೆಲ್ ಜೆನ್ಸನ್ ಅವರ 1978ರ ವ್ಯಾಖ್ಯಾನ ಇಲ್ಲಿ ಕೈಹಿಡಿಯುತ್ತದೆ. ಈ ಒಂದು ಪ್ಯಾರಾ ನಿಮ್ಮ ಫಲಿತಾಂಶದ ಅಧ್ಯಾಯದಲ್ಲಿದ್ದರೆ ಪರೀಕ್ಷಕರು ಪೆನ್ನು ಕೆಳಗಿಟ್ಟು ಗಮನವಿಟ್ಟು ಓದುತ್ತಾರೆ.

ಮೂರು ಎಚ್ಚರಿಕೆಗಳನ್ನು ಕೊಡಲೇಬೇಕು.

ಬೆಲೆ ಸರಣಿಯ ಮೇಲೆ ಡಿಕಿ–ಫುಲ್ಲರ್ ಪರೀಕ್ಷೆ ಮಾಡಿ, ಯೂನಿಟ್ ರೂಟ್ ಇದೆ, ಅಂದರೆ ಬೆಲೆಗೆ ತಗುಲಿದ ಆಘಾತ ಅಳಿಯದೆ ಉಳಿಯುತ್ತದೆ, ಆದ್ದರಿಂದ ಮಾರುಕಟ್ಟೆ ದಕ್ಷ ಎಂದು ತೀರ್ಮಾನಿಸುವ ಪ್ರಬಂಧಗಳು ಎಲ್ಲೆಲ್ಲೂ ಇವೆ. ಇದು ತಪ್ಪು ತರ್ಕ. ಪ್ರತಿಫಲಗಳಲ್ಲಿ 0.3ರಷ್ಟು ಬಲವಾದ ಸ್ವಸಹಸಂಬಂಧವಿರುವ ಸರಣಿಗೂ ಯೂನಿಟ್ ರೂಟ್ ಇರಬಲ್ಲದು. ಯಾದೃಚ್ಛಿಕ ನಡಿಗೆಗೆ ಅದು ಬೇಕಾದ ಷರತ್ತು, ಸಾಕಾಗುವ ಷರತ್ತಲ್ಲ.

ಎರಡನೆಯದು, ಏರಿಳಿತದ ಗುಂಪುಗಾರಿಕೆ. ತಳಮಳದ ದಿನಗಳ ಬೆನ್ನಿಗೇ ತಳಮಳದ ದಿನಗಳು ಬರುತ್ತವೆ. ಏರಿಳಿತದ ಗಾತ್ರವನ್ನು ಊಹಿಸಬಹುದು ಎಂದರೆ ದಿಕ್ಕನ್ನೂ ಊಹಿಸಬಹುದು ಎಂದಲ್ಲ. ಇದೊಂದನ್ನೇ ಹಿಡಿದು ದಕ್ಷತೆಯನ್ನು ತಿರಸ್ಕರಿಸಬೇಡಿ. ಆದರೆ ಇದು ಪ್ರಮಾಣಿತ ದೋಷವನ್ನು ಕೆಡಿಸುತ್ತದೆ, ಆದ್ದರಿಂದ ವೇರಿಯನ್ಸ್ ಅನುಪಾತದಲ್ಲಿ ಅಸಮಾನ ವೇರಿಯನ್ಸನ್ನು ತಾಳಿಕೊಳ್ಳುವ ಆವೃತ್ತಿಯನ್ನೇ ಬಳಸಿ.

ಮೂರನೆಯದು ಹುಡುಕಾಟದ ಆಸೆ. ಸೋಮವಾರದ ಪ್ರತಿಫಲ ಸರಾಸರಿಯಲ್ಲಿ ಋಣಾತ್ಮಕವಾಗಿತ್ತು ಎಂದು ಕೆನೆತ್ ಫ್ರೆಂಚ್ 1980ರಲ್ಲಿ ಅಮೆರಿಕದ ದತ್ತಾಂಶದಿಂದ ತೋರಿಸಿದರು. ಅದನ್ನು ಓದಿ, ವಾರದ ಐದು ದಿನ, ವರ್ಷದ ಹನ್ನೆರಡು ತಿಂಗಳು ಎಲ್ಲವನ್ನೂ ಪರೀಕ್ಷಿಸಿದರೆ ಹದಿನೇಳು ಪರೀಕ್ಷೆಗಳಾದವು. ಅವು ಪರಸ್ಪರ ಸ್ವತಂತ್ರ ಎಂದಿಟ್ಟುಕೊಂಡರೆ, ನಿಜವಾದ ಪರಿಣಾಮ ಒಂದೂ ಇಲ್ಲದಿದ್ದರೂ ಶೇ 5ರ ಮಟ್ಟದಲ್ಲಿ ಕನಿಷ್ಠ ಒಂದಾದರೂ ‘ಮಹತ್ವದ್ದು’ ಎಂದು ಕಾಣುವ ಸಂಭವ ಶೇ 58. ಎಷ್ಟು ಪರೀಕ್ಷೆ ಮಾಡಿದಿರೋ ಅಷ್ಟನ್ನೂ ಕೋಷ್ಟಕದಲ್ಲಿ ಹಾಕಿ.

ಘಟನಾ ಅಧ್ಯಯನ ಆರಿಸಿದವರಿಗೆ

ಅರೆ-ಪ್ರಬಲ ರೂಪದ ದಾರಿ ಇದು. ಫಾಮಾ, ಫಿಶರ್, ಜೆನ್ಸನ್, ರೋಲ್ ನಾಲ್ವರೂ ಸೇರಿ 1927ರಿಂದ 1959ರವರೆಗಿನ 940 ಷೇರು ವಿಭಜನೆಗಳನ್ನು ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿದ ಲೇಖನ ಈ ವಿಧಾನಕ್ಕೆ ಮಾದರಿಯಾಯಿತು.

ಘೋಷಣೆಯ ದಿನವನ್ನು 0 ಎಂದು ಕರೆಯಿರಿ. ಅದಕ್ಕೆ ಸುಮಾರು 250 ದಿನ ಹಿಂದಿನಿಂದ 30 ದಿನ ಹಿಂದಿನವರೆಗೆ ಪ್ರತಿ ಷೇರಿನ ಪ್ರತಿಫಲಕ್ಕೂ ಸೂಚ್ಯಂಕದ ಪ್ರತಿಫಲಕ್ಕೂ ಇರುವ ಸಂಬಂಧವನ್ನು ಹಿಂಚಲನ (ರಿಗ್ರೆಶನ್) ಸಮೀಕರಣದಿಂದ ಅಂದಾಜಿಸಿ. ಘೋಷಣೆಯ ಆಸುಪಾಸಿನ ದಿನಗಳಲ್ಲಿ ಆ ಸಮೀಕರಣ ನಿರೀಕ್ಷಿಸಿದ್ದನ್ನು ನಿಜವಾದ ಪ್ರತಿಫಲದಿಂದ ಕಳೆಯಿರಿ. ಉಳಿದದ್ದು ಅಸಹಜ ಪ್ರತಿಫಲ. ಎಲ್ಲ ಕಂಪನಿಗಳ ಸರಾಸರಿ ತೆಗೆದು, ದಿನದಿಂದ ದಿನಕ್ಕೆ ಕೂಡಿಸುತ್ತ ಹೋಗಿ, ನಕ್ಷೆ ಎಳೆಯಿರಿ.

ಆ ನಕ್ಷೆಯನ್ನು ಓದುವುದರಲ್ಲಿ ಒಂದು ಸೊಗಸಿದೆ. ಗೆರೆ 0ನೆಯ ದಿನ ಮೆಟ್ಟಿಲಿನಂತೆ ಒಮ್ಮೆ ಏರಿ ಮುಂದೆ ಸಮತಟ್ಟಾದರೆ ಬೆಲೆ ಸುದ್ದಿಯನ್ನು ಅಂದೇ ಹೀರಿಕೊಂಡಿದೆ. ಏರಿದ ಮೇಲೂ ದಿನದಿನವೂ ಜರುಗುತ್ತಿದ್ದರೆ ಸುದ್ದಿ ಬೆಲೆಯೊಳಗೆ ನಿಧಾನವಾಗಿ ಇಳಿಯುತ್ತಿದೆ. ಕಂಪನಿಗಳ ಗಳಿಕೆಯ ಘೋಷಣೆಯ ನಂತರ ಇಂಥ ಜರುಗುವಿಕೆಯ ಸುಳಿವನ್ನು ರೇ ಬಾಲ್ ಮತ್ತು ಫಿಲಿಪ್ ಬ್ರೌನ್ 1968ರಲ್ಲೇ ಕಂಡಿದ್ದರು. 0ನೆಯ ದಿನಕ್ಕೆ ಮೊದಲೇ ಗೆರೆ ಏರಿದ್ದರೆ ಸುದ್ದಿ ಸೋರಿರಬಹುದು, ಅಥವಾ ಜನ ಸರಿಯಾಗಿಯೇ ನಿರೀಕ್ಷಿಸಿರಬಹುದು. ನಕ್ಷೆಯೊಂದರಿಂದಲೇ ಇವೆರಡನ್ನು ಬೇರ್ಪಡಿಸಲಾಗದು, ಹಾಗೆಂದು ಬರೆಯಿರಿ.

ಇಲ್ಲಿ ಕೆಲಸ ಕೆಡುವುದು ದಿನಾಂಕದಲ್ಲಿ. ಮಾರುಕಟ್ಟೆ ಮುಚ್ಚಿದ ಮೇಲೆ ಬಂದ ಘೋಷಣೆಗೆ 0ನೆಯ ದಿನ ಎಂದರೆ ಮುಂದಿನ ವಹಿವಾಟಿನ ದಿನ. ಇದನ್ನು ಗಮನಿಸದಿದ್ದರೆ, ಚುರುಕಾದ ಮಾರುಕಟ್ಟೆಯೂ ಒಂದು ದಿನ ತಡವಾಗಿ ಎಚ್ಚೆತ್ತಂತೆ ಕಾಣುತ್ತದೆ. ನಲವತ್ತು ಘಟನೆಗಳ ಸಮಯವನ್ನು ಕೈಯಿಂದ ಒಂದೊಂದಾಗಿ ಪರಿಶೀಲಿಸುವುದು ಎರಡು ದಿನಗಳ ಕೆಲಸ, ಬೇಸರ ಮಾಡಿಕೊಳ್ಳಬೇಡಿ. ಅದೇ ವಾರ ಬೇರೊಂದು ದೊಡ್ಡ ಸುದ್ದಿ ಬಂದಿರುವ ಕಂಪನಿಗಳನ್ನು ಕಾರಣ ಬರೆದು ಕೈಬಿಡಿ.

ಬರವಣಿಗೆ

ಪೀಠಿಕೆಯಿಂದ ಶುರು ಮಾಡಬೇಡಿ. ದತ್ತಾಂಶದ ಅಧ್ಯಾಯವನ್ನು ದತ್ತಾಂಶ ಸೇರಿಸುತ್ತಿರುವಾಗಲೇ ಬರೆಯಿರಿ, ಮೂರು ತಿಂಗಳ ನಂತರ ಯಾವ ಕಂಪನಿಯನ್ನು ಯಾಕೆ ಬಿಟ್ಟಿರಿ ಎಂಬುದು ನೆನಪಿರುವುದಿಲ್ಲ. ನಂತರ ವಿಧಾನ, ಫಲಿತಾಂಶ, ಸಮೀಕ್ಷೆ. ಪೀಠಿಕೆ ಮತ್ತು ಸಾರಾಂಶ ಕೊನೆಗೆ. ಲೆಕ್ಕಕ್ಕೆ ಗ್ರೆಟಲ್ ಅಥವಾ ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶ ಸಾಕು, ಎರಡೂ ಉಚಿತ. ಗುಂಡಿ ಒತ್ತಿ ಮಾಡುವ ಬದಲು ಆದೇಶಗಳನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಂಡರೆ, ಮಾರ್ಗದರ್ಶಕರು ಅವಧಿ ಬದಲಿಸಿ ಎಂದಾಗ ಇಡೀ ಕೆಲಸ ಒಂದು ನಿಮಿಷದಲ್ಲಿ ಮತ್ತೆ ಓಡುತ್ತದೆ.

ತಂತ್ರಾಂಶ ಉಗುಳಿದ ಕೋಷ್ಟಕವನ್ನು ಹಾಗೆಯೇ ಅಂಟಿಸಬೇಡಿ. ಎಂಟು ದಶಮಾಂಶ ಸ್ಥಾನಗಳು ಯಾರಿಗೂ ಬೇಕಿಲ್ಲ, ಮೂರು ಸಾಕು. ಪ್ರತಿ ಕೋಷ್ಟಕದ ಕೆಳಗೆ, ಓದುಗರು ಅದರಲ್ಲಿ ಮೊದಲು ಯಾವ ಸಂಖ್ಯೆಯನ್ನು ನೋಡಬೇಕು, ಅದರ ಅರ್ಥವೇನು ಎಂದು ಎರಡು ವಾಕ್ಯ ಬರೆಯಿರಿ.

ಫಲಿತಾಂಶ ಸೊನ್ನೆ ಬಂದಾಗ ಮುಖ ಸಪ್ಪಗೆ ಮಾಡಿಕೊಂಡು ಬರುವ ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ: ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದುಕೊಳ್ಳಬೇಡಿ. ಎಚ್ಚರಿಕೆಯಿಂದ ಹುಡುಕಿಯೂ ಕ್ರಮ ಕಾಣಲಿಲ್ಲ ಎಂಬುದು ಕೆಂಡಲ್ ಅವರಿಗೂ ಸಿಕ್ಕ ಫಲಿತಾಂಶವೇ. ಕ್ರಮ ಸಿಗುವವರೆಗೆ ಅವಧಿಯನ್ನು ಅತ್ತಿತ್ತ ಎಳೆದಾಡುವುದು ಮಾತ್ರ ತಪ್ಪು. ಜೊತೆಗೆ, ನಿಮ್ಮ ಪರೀಕ್ಷೆ ಎಷ್ಟು ಚಿಕ್ಕ ಪರಿಣಾಮವನ್ನು ಹಿಡಿಯಬಲ್ಲದಿತ್ತು ಎಂದು ಹೇಳಿ. 100 ತಿಂಗಳ ದತ್ತಾಂಶದಲ್ಲಿ ಪ್ರಮಾಣಿತ ದೋಷವೇ 0.1, ಹಾಗಾಗಿ 0.15ರ ಸ್ವಸಹಸಂಬಂಧ ಇದ್ದರೂ ಅದು ಕೈಗೆ ಸಿಗದೆ ಹೋಗಬಹುದು. ‘ಕಾಣಲಿಲ್ಲ’ ಮತ್ತು ‘ಇಲ್ಲ’ ಎಂಬ ಎರಡು ಪದಗಳ ನಡುವಿನ ಅಂತರ ಇಷ್ಟು.

ಸಲ್ಲಿಸುವ ವಾರ ಹೊಸದೇನನ್ನೂ ಸೇರಿಸಬೇಡಿ. ಮುಟ್ಟದೆ ಇಟ್ಟ ಮೂಲ ಕಡತವನ್ನು ಬೇರೊಂದು ಕಂಪ್ಯೂಟರ್‌ಗೆ ಹಾಕಿ, ಆದೇಶಗಳನ್ನು ಮೊದಲಿನಿಂದ ಓಡಿಸಿ. ಬಂದ ಸಂಖ್ಯೆಗಳನ್ನು ಕೋಷ್ಟಕದೊಡನೆ, ಕೋಷ್ಟಕವನ್ನು ಪಠ್ಯದೊಡನೆ, ಸ್ನೇಹಿತರೊಬ್ಬರು ಗಟ್ಟಿಯಾಗಿ ಓದುತ್ತಿರುವಾಗ ತಾಳೆ ನೋಡಿ. ಕೋಷ್ಟಕದಲ್ಲಿ 0.047 ಇದ್ದು ಪಠ್ಯದಲ್ಲಿ 0.074 ಎಂದು ಬಿದ್ದಿರುವುದು ಹೀಗೆ ಓದಿದಾಗಲೇ ಸಿಗುತ್ತದೆ. ತಿದ್ದಿ, ಪುಟಸಂಖ್ಯೆ ನೋಡಿ, ಮುದ್ರಣಕ್ಕೆ ಕೊಡಿ.